ಕಸಕ್ಕೂ ಕ್ರಯ ಮಾತಾಡಿ

(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ತೋಟದ ಕಸದಿಂದ ಸಂಪಾದನೆ ಮಾಡುವುದು ಹೇಗೆ ಅಂತ ಮಾತಾಡಲಿಕ್ಕೆ ಸಂಘದವರು ಹೇಳಿದ್ದಾರೆ. ಮೊದಲು ನಾನೊಂದು ಪ್ರಶ್ನೆ ಕೇಳ್ತೇನೆ. ಕೊಬ್ಬರಿಗೆ ಕಾಯಿ ಒಡೆಯುವಲ್ಲಿ ನೀರು ಎಲ್ಲಿಗೆ ಹೋಗ್ತದೆ? ಅಂಗಳದ ಮಣ್ಣಿಗೆ. ಮರುದಿನ ಅಲ್ಲಿ ಹುಳಿ ನಾತ. ಆ ನೀರಲ್ಲಿ ಸಕ್ಕರೆ ಇದೆ, ಪೊಟ್ಯಾಷಿಯಂನಂಥ ಲವಣ ಇದೆ. ಸುತ್ತಮುತ್ತಲಿನ ಸೂಕ್ಷ್ಮಜೀವಿಗಳು ಕರೆಯದೆ ಬಂದು ಉಂಡದ್ದರ ಗುರುತೇ ಆ ನಾತ. ಅದೇ ಊಟವನ್ನು ನಮಗೆ ಬೇಕಾದ ಜೀವಿಗೆ ಬಡಿಸಿದರೆ ಅದೊಂದು ಉದ್ಯಮ.

ದೊಡ್ಡ ದೊಡ್ಡ ಪ್ರಯೋಗಾಲಯಗಳೂ ಇದನ್ನೇ ಮಾಡಿವೆ. 1941ರಲ್ಲಿ ಅಮೆರಿಕದ ಪಿಯೋರಿಯಾ ಎಂಬಲ್ಲಿ, ಪೆನಿಸಿಲಿನ್ ಕೊಡುವ ಬೂಸ್ಟಿಗೆ ಮೆಕ್ಕೆಜೋಳ ನೆನೆಸಿ ಉಳಿದ ನೀರನ್ನು ಕೊಟ್ಟು ನೋಡಿದರು. ಮದ್ದಿನ ಇಳುವರಿ ಹಲವು ಪಟ್ಟು ಏರಿತು. ನಮ್ಮ ಕೂಡ್ಲಿನ ಸಿಪಿಸಿಆರ್‌ಐ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ತೆಂಗಿನ ಗರಿಯಿಂದ ಎರೆಗೊಬ್ಬರ ಮಾಡುವುದನ್ನೂ ತೆಂಗಿನ ಕಸದ ಮೇಲೆ ಅಣಬೆ ಬೆಳೆಸುವುದನ್ನೂ ಅವರು ತೋರಿಸಿಕೊಟ್ಟಿದ್ದಾರೆ.

ನಾವು ಟ್ರೈಕೋಡರ್ಮಾದಿಂದ ಶುರು ಮಾಡುವ. ಇದು ಬೇರು ಕೊಳೆಸುವ ರೋಗಾಣುಗಳನ್ನು ಅಡಗಿಸುವ ಶಿಲೀಂಧ್ರ. ಕರಿಮೆಣಸಿನ ಬುಡಕ್ಕೆ ಹಾಕ್ತಾರೆ. ಒಣಗಿದ ಸೆಗಣಿ ಪುಡಿ 90 ಕಿಲೋ, ಬೇವಿನ ಹಿಂಡಿ 10 ಕಿಲೋ, ಟ್ರೈಕೋಡರ್ಮಾ 1 ಕಿಲೋ ಬೆರೆಸಿ, ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ನೆರಳಲ್ಲಿ ರಾಶಿ ಹಾಕಿ ಒದ್ದೆ ಗೋಣಿ ಮುಚ್ಚಿ. 4–5 ದಿನಕ್ಕೆ ಹಸುರು ಬೂಸ್ಟು ಕಾಣ್ತದೆ. ಒಮ್ಮೆ ಮಗುಚಿ ಇನ್ನೂ 3 ದಿನ ಬಿಟ್ಟರೆ ತಯಾರು. ಬೆರೆಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ತೆಂಗಿನ ನೀರಿನಲ್ಲೂ ಇದನ್ನು ಬೆಳೆಸಬಹುದು. ಆದರೆ ಆ ನೀರನ್ನು ಒತ್ತಡದ ಹಬೆಯಲ್ಲಿ ಬೇಯಿಸಿ, ಬೇರೆ ಜೀವಿ ಸೇರದ ಹಾಗೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಅಂಗಳದ ಹುಳಿಯೇ ಗತಿ. ಅದನ್ನು ತರಬೇತಿ ಪಡೆದ ಮೇಲೆ ಮಾಡುವ.

ಈಗ ನಿಮ್ಮಲ್ಲಿ ಕೆಲವರು ಕೇಳ್ತೀರಿ: "ಅಣ್ಣಾ, ಸೆಗಣಿ ಹೊತ್ತು ಹೊತ್ತು ಅಜ್ಜ ಅಜ್ಜಿಯರ ನೆತ್ತಿ ಸವೆದಿದೆ. ಓದಿದ ಮೇಲೂ ನಮಗೆ ಕಸವೇಯಾ?"

ಕೇಳಲೇಬೇಕಾದ ಪ್ರಶ್ನೆ. ಎಸೆದ ತುಣುಕು ತಿಂದು ಬದುಕುವುದನ್ನು ಬಿಡಿ ಅಂತ 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ನಮ್ಮವರಿಗೆ ಹೇಳಿದ್ದರು. ಹಾಗಾಗಿ ತೋಟದವರು "ಸುಮ್ಮನೆ ತೆಗೊಂಡು ಹೋಗಿ" ಅಂದರೂ ಧರ್ಮಕ್ಕೆ ತರಬೇಡಿ. ಸೆಗಣಿಗೂ ತೆಂಗಿನ ನೀರಿಗೂ ಕ್ರಯ ಮಾತಾಡಿ. ಒಂದು ರೂಪಾಯಿ ಆದರೂ ಕೊಟ್ಟು, ರಶೀದಿ ಪಡೆದು, ಸಂಘದ ಪುಸ್ತಕದಲ್ಲಿ ಬರೆಯಿರಿ. ಧರ್ಮಕ್ಕೆ ತಂದರೆ ಆ ಋಣಕ್ಕೆ ನಾಳೆ ಹಟ್ಟಿ ತೊಳೆಯಲಿಕ್ಕೆ ಕರೆ ಬರ್ತದೆ. ಕ್ರಯಕ್ಕೆ ತಂದರೆ ನಾಳೆ ನಮ್ಮ ಗೊಬ್ಬರದ ಕ್ರಯ ಹೇಳುವವರು ನಾವೇ.

ನಮ್ಮ ಹಿರಿಯರಿಗೆ ಕೆಲಸ ಗೊತ್ತಿತ್ತು. ತೋಟ ಅವರದಾಗಿರಲಿಲ್ಲ, ಲೆಕ್ಕದ ಪುಸ್ತಕವೂ ಅವರ ಕೈಯಲ್ಲಿರಲಿಲ್ಲ. ತೋಟ ಇವತ್ತೂ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಆದರೆ ಪುಸ್ತಕ ಹಿಡಿಯಬಹುದಲ್ಲ? ಬೆರೆಸಿದ ದಿನದ ಕೂಲಿಯನ್ನೂ ಅದರಲ್ಲೇ ಬರೆಯಿರಿ, ಹೆಣ್ಣಿಗೂ ಗಂಡಿಗೂ ಒಂದೇ ದರದಲ್ಲಿ.

ಮೊದಲು ಒಂದೇ ರಾಶಿ ಮಾಡಿ. ನಮ್ಮ ಮನೆಗಳ ಮೆಣಸಿನ ಬಳ್ಳಿಗೆ ಹಾಕಿ ನೋಡಿ, ಆಮೇಲೆ ಮಾರಿ. ಲಾಭವೋ ನಷ್ಟವೋ, ಮುಂದಿನ ವಾರ್ಷಿಕೋತ್ಸವದಲ್ಲಿ ಇದೇ ವೇದಿಕೆಯಿಂದ ಲೆಕ್ಕ ಓದಿ. ಕೇಳಲಿಕ್ಕೆ ನಾನು ಬರ್ತೇನೆ.

ಜೈ ಭೀಮ್.