ಜಾವಾದ ಸೇಮಾರ್ ಮತ್ತು ಪಾರಿಜಾತದ ಭಾಗವತ

ಪರದೇಶಗಳ ಸಂಸ್ಕೃತಿಯನ್ನು ಅರಿಯಬಯಸುವವರು ಸಾಮಾನ್ಯವಾಗಿ ಅಲ್ಲಿಯ ದೇಗುಲಗಳನ್ನೂ ಶಿಲ್ಪಗಳನ್ನೂ ಮೊದಲು ನೋಡುತ್ತಾರೆ. ನಾನು ಅಲ್ಲಿಯ ನಗೆಗಾರನನ್ನು ಹುಡುಕುತ್ತೇನೆ. ದೇವರ ಕಥೆ ಊರಿನ ಕಥೆಯಾಗುವುದು ಅವನ ಬಾಯಿಂದಲೇ ಅಲ್ಲವೆ?

ಘಟಪ್ರಭೆಯ ದಡದ ಮಸಗುಪ್ಪಿಯಂತೆಯೇ ಕುಲಗೋಡ, ಕೌಜಲಗಿಗಳೂ ಹಳೆಯ ಗೋಕಾಕ ತಾಲ್ಲೂಕಿನ ಊರುಗಳು. ಈ ಸೀಮೆಯ ಹೆಮ್ಮೆ ಶ್ರೀಕೃಷ್ಣ ಪಾರಿಜಾತ. ರಾಯಚೂರು ಕಡೆಯ ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣನು ರಂಗಕ್ಕೆ ಒಗ್ಗಿಸಿದನು. ಮುಂದೆ ಪಾರಿಜಾತವೆಂದರೆ ಕೌಜಲಗಿಯ ನಿಂಗಮ್ಮ ಎನ್ನುವಷ್ಟು ಹೆಸರನ್ನು ಆ ಕಲಾವಿದೆ ಗಳಿಸಿದಳು. ಕಥೆ ಸಣ್ಣದು. ನಾರದನು ತಂದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಇಷ್ಟನ್ನೇ ಹಿಡಿದು ಬೆಳಗಿನವರೆಗೆ ಆಡುತ್ತಿದ್ದರು.

ಆ ರಾತ್ರಿಯನ್ನು ತುಂಬಿಸುತ್ತಿದ್ದುದು ಪದಗಳಷ್ಟೇ ಅಲ್ಲ, ಭಾಗವತನ ಮಾತು. ಮೊದಲಿಗೇ ಗೊಲ್ಲತಿ ಬರುತ್ತಾಳೆ. ಅವಳೊಡನೆ ಅವನ ಸರಸ ಸಂವಾದ. ಅನಂತರ ಭಾಮೆ ಬಿಗುಮಾನದಿಂದ ಹಾಡಿದರೆ, ಇವನು “ಯಾಕವ್ವಾ, ಒಂದ ಹೂವಿಗೆ ಇಷ್ಟ್ಯಾಕ ಸಿಟ್ಟು?” ಎಂಬ ಧಾಟಿಯಲ್ಲಿ ಕೆಣಕುತ್ತಾನೆ. ಭಾಮೆಯ ಸಂಸ್ಕೃತಭೂಯಿಷ್ಠ ಪದ ಮಸಗುಪ್ಪಿಯ ರೈತನಿಗೆ ಅರ್ಥವಾಗದೆ ಹೋಗಬಹುದು; ಆದರೆ ಈ ಪ್ರಶ್ನೆ ಅವನದೇ ಪ್ರಶ್ನೆ. ದ್ವಾರಕೆಯ ಅರಮನೆಗೆ ಅವನು ಕಾಲಿಡುವುದು ಈ ಬಾಗಿಲಿನಿಂದ.

ಇನ್ನು ಜಾವಾ ದ್ವೀಪಕ್ಕೆ ಬನ್ನಿ. ಅಲ್ಲಿ ‘ವಯಾಂಗ್ ಕುಲಿತ್’ ಎಂಬ ತೊಗಲುಗೊಂಬೆಯಾಟವಿದೆ. ಅದರಲ್ಲಿಯೂ ನಮ್ಮ ಮಹಾಭಾರತವೇ. ‘ದಲಾಂಗ್’ ಎಂಬ ಒಬ್ಬನೇ ಸೂತ್ರಧಾರ ರಾತ್ರಿಯಿಡೀ ಕುಳಿತು ಅಷ್ಟೂ ಗೊಂಬೆಗಳಿಗೆ ದನಿಯಾಗುತ್ತಾನೆ. ಅರಸರ ನುಡಿ ಗಂಭೀರ, ಪ್ರಾಚೀನ. ನಡುರಾತ್ರಿಯ ಸುಮಾರಿಗೆ ಬರುತ್ತಾರೆ ಸೇಮಾರ್ ಮತ್ತು ಅವನ ಮಕ್ಕಳು ಗಾರೆಂಗ್, ಪೆತ್ರುಕ್, ಬಾಗೊಂಗ್. ವ್ಯಾಸಭಾರತದಲ್ಲಿ ಇವರ ಸುಳಿವೇ ಇಲ್ಲ. ಇವರು ಜಾವಾದ ಮಣ್ಣಿನವರು. ದಿನಬಳಕೆಯ ಮಾತಿನಲ್ಲಿ ಊರ ಸುದ್ದಿ, ದೊರೆಗಳ ದೌರ್ಬಲ್ಯ ಎಲ್ಲವನ್ನೂ ಆಡಿಕೊಳ್ಳುತ್ತಾರೆ. ಡೊಳ್ಳುಹೊಟ್ಟೆಯ ಆ ಸೇವಕ ಸೇಮಾರ್ ನಿಜಕ್ಕೂ ದೇವತೆಯೆಂದು ಅಲ್ಲಿಯವರ ನಂಬುಗೆ. ಸಂಸ್ಕೃತ ನಾಟಕದ ವಿದೂಷಕನೂ ಪ್ರಾಕೃತವನ್ನೇ ಆಡುತ್ತಿದ್ದನೆಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಅವನು ಕವಿ ಬರೆದುಕೊಟ್ಟ ಮಾತಿಗೆ ಕಟ್ಟುಬಿದ್ದವನು. ಸೇಮಾರ್, ಭಾಗವತರು ಹಾಗಲ್ಲ. ಎದುರಿಗೆ ಕುಳಿತವರ ಮುಖ ನೋಡಿ ಅವರ ಮಾತು ಹುಟ್ಟುತ್ತದೆ.

ವಯಾಂಗ್ ಕಲೆಗೆ 2003ರಲ್ಲಿ ಯುನೆಸ್ಕೋ ಮನ್ನಣೆ ದೊರೆಯಿತು. ಸಂತೋಷ. ನನಗೆ ಕುತೂಹಲದ ಸಂಗತಿ ಬೇರೆಯಿದೆ. ಅಲ್ಲಿ ಇತ್ತೀಚೆಗೆ ಹಾಸ್ಯದ ಭಾಗ ಹಿಗ್ಗುತ್ತಲೇ ಹೋಗಿದೆ; ಗಾಯಕಿಯರೂ ವಿನೋದಗಾರರೂ ಸೇರಿಕೊಂಡು ಕಥೆಯನ್ನೇ ನುಂಗುತ್ತಾರೆಂದು ಸಂಪ್ರದಾಯಸ್ಥರು ಗೊಣಗುತ್ತಾರೆ. ನಮ್ಮಲ್ಲಿ ಇದಕ್ಕೆ ತಿರುಗಾಮುರುಗಾ. ಉತ್ಸವದ ವೇದಿಕೆಗೆಂದು ಪಾರಿಜಾತವನ್ನು ಎರಡು ತಾಸಿಗೆ ಇಳಿಸುವಾಗ ಪದಗಳನ್ನು ಉಳಿಸಿಕೊಂಡು ಭಾಗವತನ ಹರಟೆಗೆ ಕತ್ತರಿಯಾಡಿಸುತ್ತಾರೆ. ಪಟ್ಟಣದ ರಸಿಕರಿಗೆ ಸಂಗೀತ ಸಾಕೆಂಬ ಎಣಿಕೆ ಇರಬೇಕು. ಎರಡು ತಪ್ಪುಗಳಲ್ಲಿ ಒಂದನ್ನು ಆಯ್ದುಕೊಳ್ಳೆಂದರೆ ನಾನು ಜಾವಾದವರದನ್ನೇ ಆಯ್ದುಕೊಂಡೇನು.

ಪದಗಳು ಹೇಗೂ ಅಚ್ಚಾಗಿವೆ. ಭಾಗವತನ ಮಾತು ಹಾಗೆ ಪುಸ್ತಕದಲ್ಲಿ ಕೂಡುವಂಥದಲ್ಲ. ಆಡಿದ ರಾತ್ರಿಯೊಡನೆಯೇ ಮುಗಿಯುವಂಥದು. ಪಾರಿಜಾತವನ್ನು ಧ್ವನಿಮುದ್ರಿಸಲು ಹೋಗುವ ನಮ್ಮ ಯುವ ಸಂಶೋಧಕರು ಹಾಡು ನಿಂತೊಡನೆ ಯಂತ್ರವನ್ನು ನಿಲ್ಲಿಸದಿರಲಿ.