ತೂಕ ಇಳಿಸುವ ಪ್ರಯತ್ನ: ಆರಂಭಶೂರತ್ವದಿಂದ ಆಚೆಗೆ



ತೂಕ ಇಳಿಸಬೇಕೆಂಬ ಸಂಕಲ್ಪ ಮಾಡುವುದು ಕಷ್ಟದ ಕೆಲಸವಲ್ಲ. ವೈದ್ಯರು ರಕ್ತಪರೀಕ್ಷೆಯ ವರದಿಯನ್ನು ಮುಂದಿಟ್ಟ ದಿನ ಎಷ್ಟೋ ಜನ ಆ ಸಂಕಲ್ಪವನ್ನು ಮಾಡುತ್ತಾರೆ. ಹೊಸ ಬೂಟು ಮನೆಗೆ ಬರುತ್ತದೆ. ಸಕ್ಕರೆಯ ಡಬ್ಬಿ ಅಟ್ಟವನ್ನೇರುತ್ತದೆ. ಉದ್ಯಾನಗಳಲ್ಲಿ ಬೆಳಗಿನ ಹೊತ್ತು ಜನಸಂದಣಿ ಹೆಚ್ಚುತ್ತದೆ. ನಾಲ್ಕೈದು ತಿಂಗಳು ಕಳೆಯುವಷ್ಟರಲ್ಲಿ ಆ ಸಂದಣಿ ಕರಗಿರುತ್ತದೆ. ಇದನ್ನು ಆರಂಭಶೂರತ್ವವೆಂದು ಕರೆದು ನಗುವ ವಾಡಿಕೆ ಕನ್ನಡಿಗರಲ್ಲಿದೆ. ಆದರೆ ನಗುವ ಮೊದಲು, ಉತ್ಸಾಹವು ಆ ಹೊತ್ತಿಗೇ ಏಕೆ ಕುಂದುತ್ತದೆ ಎಂಬುದನ್ನು ವಿಚಾರಿಸುವುದು ಉಚಿತ. ಆ ವಿಚಾರಣೆಯಲ್ಲಿ ಅಪರಾಧಿಯೆಂದು ಸಾಮಾನ್ಯವಾಗಿ ಹೆಸರಿಸಲ್ಪಡುವ 'ಮನೋಬಲದ ಕೊರತೆ' ಬಹುಮಟ್ಟಿಗೆ ನಿರಪರಾಧಿಯೆಂದು ಕಂಡುಬರುತ್ತದೆ.

ಸಮಸ್ಯೆಯ ವ್ಯಾಪ್ತಿ ಸಣ್ಣದಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಸ್ತ್ರೀಯರಲ್ಲಿ ಶೇಕಡಾ 24ರಷ್ಟು, ಪುರುಷರಲ್ಲಿ ಸುಮಾರು ಶೇಕಡಾ 23ರಷ್ಟು ಜನ ಅಧಿಕ ತೂಕದವರು ಅಥವಾ ಸ್ಥೂಲಕಾಯದವರು. ನಗರಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಊರನ್ನು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿ, ಕುಳಿತು ಮಾಡುವ ಉದ್ಯೋಗದಲ್ಲಿರುವ ಕನ್ನಡಿಗ ಕುಟುಂಬಗಳಿಗೆ ಈ ಅಂಕಿಗಳು ದೂರದ ಸುದ್ದಿಯಲ್ಲ.

ಮುಂಬಯಿಯ ಉಪನಗರವೊಂದರಿಂದ ನಿತ್ಯ ಲೋಕಲ್ ರೈಲಿನಲ್ಲಿ ಕಚೇರಿಗೆ ಹೋಗಿಬರುವ, 84 ಕಿಲೋ ತೂಗುವ, ನಲವತ್ತೈದರ ಗೃಹಸ್ಥನೊಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅವನ ತಂದೆಗೆ ಮಧುಮೇಹವಿತ್ತು. ಅವನ ರಕ್ತದ ಸಕ್ಕರೆಯೂ ಈಗ ಗಡಿಯಲ್ಲಿದೆ. ಅನ್ನವನ್ನು ಅರ್ಧಕ್ಕಿಳಿಸಿ, ಕರಿದದ್ದನ್ನು ಬಿಟ್ಟು, ನಡೆಯಲು ತೊಡಗಿದ ಮೊದಲ ವಾರದಲ್ಲೇ ತೂಕ ಎರಡು ಕಿಲೋ ಇಳಿಯಿತು. ಅವನಿಗಾದ ಸಂತೋಷ ಸಹಜವೇ. ಆದರೆ ಇಳಿದುದರಲ್ಲಿ ಹೆಚ್ಚಿನ ಪಾಲು ಕೊಬ್ಬಲ್ಲ, ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಎಂಬ ಪಿಷ್ಟದ ದಾಸ್ತಾನಿರುತ್ತದೆ. ಅದರ ಪ್ರತಿಯೊಂದು ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಊಟ ಕಡಿಮೆಯಾದೊಡನೆ ಮೊದಲು ಖರ್ಚಾಗುವುದು ಈ ದಾಸ್ತಾನು. ಮೈಯ ಒಂದು ಕಿಲೋ ಬೊಜ್ಜು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿಗಳ ಕೊರತೆ ಬೀಳಬೇಕು. ದಿನಕ್ಕೆ 500 ಕ್ಯಾಲೊರಿ ಉಳಿಸಿದವನಿಗೂ ಅದಕ್ಕೆ ಹದಿನೈದು ದಿನ ಬೇಕು. 'ವಾರದಲ್ಲಿ ಐದು ಕಿಲೋ' ಎಂಬ ಜಾಹೀರಾತುಗಳ ಬಂಡವಾಳ ಈ ಮೊದಲ ವಾರದ ನೀರೇ.

ಮುಂದಿನ ತಿಂಗಳುಗಳಲ್ಲಿ ಇಳಿತ ಮಂದವಾಗುತ್ತದೆ. 78ಕ್ಕೆ ಬಂದ ಮೇಲೆ ಮುಳ್ಳು ಅಲುಗುವುದೇ ಇಲ್ಲ. ಊಟ ಅದೇ, ನಡಿಗೆ ಅದೇ, ಫಲ ಮಾತ್ರವಿಲ್ಲ. ಪ್ರಯತ್ನವನ್ನು ಜನ ಕೈಬಿಡುವುದು ಬಹಳ ಮಟ್ಟಿಗೆ ಈ ಘಟ್ಟದಲ್ಲಿ.

ಇಲ್ಲಿ ನಡೆದಿರುವುದೇನು? ಹಗುರಾದ ದೇಹಕ್ಕೆ ಕಡಿಮೆ ಶಕ್ತಿ ಸಾಕು ಎಂಬುದು ಒಂದು ಕಾರಣ. ಅದಷ್ಟೇ ಅಲ್ಲ. ತೂಕದಲ್ಲಿ ಶೇಕಡಾ 10ರಷ್ಟನ್ನು ಕಳೆದುಕೊಂಡವರ ದೇಹವು, ಇಳಿದ ತೂಕದ ಲೆಕ್ಕಕ್ಕೆ ಬರುವುದಕ್ಕಿಂತಲೂ ಹೆಚ್ಚಾಗಿ ತನ್ನ ಶಕ್ತಿವ್ಯಯವನ್ನು ಕಡಿತಗೊಳಿಸುತ್ತದೆಂದು ಅಮೆರಿಕದ ಸಂಶೋಧಕರು 1995ರಲ್ಲಿ ತೋರಿಸಿಕೊಟ್ಟರು. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ, ಹತ್ತು ವಾರಗಳ ಕಠಿಣ ಪಥ್ಯದಿಂದ ತೂಕ ಇಳಿಸಿಕೊಂಡವರನ್ನು ಒಂದು ವರ್ಷದ ನಂತರ ಪರೀಕ್ಷಿಸಲಾಯಿತು. ಹಸಿವನ್ನು ಏರಿಸುವ, ತೃಪ್ತಿಯನ್ನು ತಗ್ಗಿಸುವ ಹಾರ್ಮೋನುಗಳ ಬದಲಾವಣೆ ಆಗಲೂ ಉಳಿದಿತ್ತು. ಅವರ ಹಸಿವು ಮೊದಲಿಗಿಂತ ಹೆಚ್ಚಾಗಿಯೇ ಇತ್ತು. ಕ್ಷಾಮಗಳನ್ನು ದಾಟಿ ಬಂದ ಮಾನವದೇಹವು ಕೊಬ್ಬಿನ ನಷ್ಟವನ್ನು ಅಪಾಯವೆಂದೇ ಎಣಿಸುತ್ತದೆ. ಆದುದರಿಂದ ತೂಕ ನಿಂತಿದೆಯೆಂಬುದು ಮನುಷ್ಯನ ಸೋಲಿನ ಚಿಹ್ನೆಯಲ್ಲ. ಇದನ್ನು ಮೊದಲೇ ತಿಳಿದವನಿಗೆ ಐದನೆಯ ತಿಂಗಳು ನಿರೀಕ್ಷಿತ ಅತಿಥಿ. ತಿಳಿಯದವನಿಗೆ ಅದು ಅವಮಾನ. ವೈದ್ಯರು ಪಥ್ಯದ ಚೀಟಿಯನ್ನು ಬರೆಯುವಾಗಲೇ ಈ ಮಾತನ್ನೂ ಹೇಳಿಬಿಟ್ಟರೆ ಎಷ್ಟೋ ಪ್ರಯತ್ನಗಳು ಉಳಿದಾವು.

ಉತ್ಸಾಹವನ್ನು ತಕ್ಕಡಿಯ ಮುಳ್ಳಿಗೊಂದಕ್ಕೇ ಕಟ್ಟಿದರೆ, ಮುಳ್ಳು ನಿಂತಾಗ ಉತ್ಸಾಹವೂ ನಿಲ್ಲುವುದು ಅನಿವಾರ್ಯ. ಪ್ರಯತ್ನದ ನಿಜವಾದ ಉದ್ದೇಶವೇನೆಂಬುದನ್ನು ಇಲ್ಲಿ ಮತ್ತೆ ನೆನೆಯಬೇಕಾಗುತ್ತದೆ. ಈ ವಿಷಯದಲ್ಲಿ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನ ಗಮನಾರ್ಹ. ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಗುಂಪುಗಳಾಗಿ ವಿಂಗಡಿಸಿ ಮೂರು ವರ್ಷ ಪರಿಶೀಲಿಸಲಾಯಿತು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ನೂರಕ್ಕೆ 55 ಜನರಿಗೆ ಮಧುಮೇಹ ಬಂದಿತು. ಊಟವನ್ನು ತಿದ್ದಿಕೊಂಡು, ನಡಿಗೆಯನ್ನು ರೂಢಿಸಿಕೊಂಡವರಲ್ಲಿ ಈ ಸಂಖ್ಯೆ 39. ವಿಶೇಷವೆಂದರೆ ಈ ಎರಡನೆಯ ಗುಂಪಿನವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ! ತಕ್ಕಡಿಯ ದೃಷ್ಟಿಯಿಂದ ಅವರೆಲ್ಲ ಸೋತವರು. ರೋಗದ ದೃಷ್ಟಿಯಿಂದ ಗೆದ್ದವರು. ನಿಂತ ಮುಳ್ಳನ್ನು ನೋಡಿ ನಡಿಗೆಯನ್ನು ಬಿಡುವವನು ಏನನ್ನು ಕಳೆದುಕೊಳ್ಳುತ್ತಾನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದರ ಅರ್ಥ ತೂಕಕ್ಕೆ ಮಹತ್ವವಿಲ್ಲವೆಂದಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಇಂಥದೇ ಅಧ್ಯಯನದಲ್ಲಿ ಇಟ್ಟುಕೊಂಡಿದ್ದ ಗುರಿ ತೂಕದ ಶೇಕಡಾ 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ವ್ಯಾಯಾಮ. ಮಧುಮೇಹದ ಸಂಭವ ಅಲ್ಲಿ ಶೇಕಡಾ 58ರಷ್ಟು ಕಡಿಮೆಯಾಯಿತು. ಮೇಲೆ ಹೇಳಿದ ಗೃಹಸ್ಥನಿಗೆ ಶೇಕಡಾ 7 ಎಂದರೆ ಆರು ಕಿಲೋಗಿಂತ ತುಸು ಕಡಿಮೆ. ಅಂದರೆ 78ಕ್ಕೆ ಬಂದು ನಿಂತು, 'ಏನೂ ಆಗಲಿಲ್ಲ' ಎಂದು ನಿರಾಶನಾದವನು ವಾಸ್ತವವಾಗಿ ಗುರಿಯನ್ನು ಮುಟ್ಟಿಯಾಗಿದೆ. ಇಪ್ಪತ್ತರ ವಯಸ್ಸಿನ ಭಾವಚಿತ್ರವನ್ನು ಗುರಿಯಾಗಿ ಇಟ್ಟುಕೊಂಡುದೇ ಅವನ ನಿರಾಶೆಗೆ ಕಾರಣ.

ಅಳತೆಗಳ ಬಗ್ಗೆ ಇನ್ನೂ ಒಂದು ಮಾತು. ಪುಣೆಯ ವೈದ್ಯ ಡಾ. ಚಿತ್ತರಂಜನ ಯಾಜ್ಞಿಕರು ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಶರೀರಗಳನ್ನೇ ಹೋಲಿಸಿ ಒಂದು ಸ್ವಾರಸ್ಯಕರ ಟಿಪ್ಪಣಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ದೇಹತೂಕ ಸೂಚ್ಯಂಕ ಇಬ್ಬರದೂ ಒಂದೇ, 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2. ನೋಡಲು ಸಣಕಲಾದ ಭಾರತೀಯನ ಒಳಗೂ ಬೊಜ್ಜು ಅಡಗಿರಬಹುದು. ಹೀಗಾಗಿಯೇ ಭಾರತೀಯರಿಗೆ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಸ್ಥೂಲಕಾಯ ಎಂದು ಇಲ್ಲಿನ ತಜ್ಞರು ನಿಗದಿಪಡಿಸಿದ್ದಾರೆ. ಹೊಟ್ಟೆಯ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರು ಮೀರಬಾರದು. ನಿಯಮಿತವಾಗಿ ನಡೆಯುವವರಲ್ಲಿ ತೂಕ ನಿಂತ ಮೇಲೂ ಸೊಂಟಪಟ್ಟಿ ಒಂದು ರಂಧ್ರ ಒಳಗೆ ಸರಿಯುವುದುಂಟು. ತೂಕವನ್ನು ವಾರಕ್ಕೊಮ್ಮೆ, ಒಂದೇ ವೇಳೆಯಲ್ಲಿ ನೋಡಿ ಬರೆದಿಡುವುದು. ಸುತ್ತಳತೆಯನ್ನು ತಿಂಗಳಿಗೊಮ್ಮೆ ಅಳೆಯುವುದು. ರಕ್ತದೊತ್ತಡ, ಸಕ್ಕರೆಗಳನ್ನು ವೈದ್ಯರು ಹೇಳಿದಾಗ ನೋಡಿಸುವುದು. ಒಂದು ಅಂಕಿ ಮುನಿದಾಗ ಇನ್ನೊಂದು ಧೈರ್ಯ ಹೇಳುತ್ತದೆ. ದಿನಕ್ಕೆ ಮೂರು ಸಲ ತಕ್ಕಡಿ ಹತ್ತುವುದರಿಂದ ಕಳವಳವಲ್ಲದೆ ಬೇರೇನೂ ಲಭಿಸದು.

ಉತ್ಸಾಹವೆಂಬುದು ಸ್ವಭಾವತಃ ಏರಿಳಿಯುವಂಥದು. ಅದನ್ನೇ ನಂಬಿ ವರ್ಷಗಟ್ಟಲೆ ಸಾಗಲಾಗದು. ಅದು ಇರುವಷ್ಟರಲ್ಲಿ ಅಭ್ಯಾಸವನ್ನು ಕಟ್ಟಿಕೊಳ್ಳಬೇಕು. ಲಂಡನ್ನಿನ ವಿಶ್ವವಿದ್ಯಾಲಯವೊಂದರ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ನಡವಳಿಕೆಯೊಂದು ತಾನೇ ತಾನಾಗಿ ನಡೆಯುವಷ್ಟು ರೂಢಿಯಾಗಲು ಸರಾಸರಿ 66 ದಿನ ಹಿಡಿಯುತ್ತದೆ; ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನಗಳೂ ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಿಲ್ಲ ಎಂಬುದೂ ಅದರಲ್ಲಿ ಕಂಡುಬಂದಿತು. ವ್ರತಭಂಗದ ಕಲ್ಪನೆ ಮನಸ್ಸಿನಲ್ಲಿ ಆಳವಾಗಿ ಬೇರೂರಿರುವ ಸಮಾಜದಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಗೆಳೆಯನ ಮಗಳ ಮದುವೆಯಲ್ಲಿ ಎರಡು ಒಬ್ಬಟ್ಟು ತಿಂದದ್ದು ಅಪಾಯವಲ್ಲ. 'ಹೇಗೂ ಕೆಟ್ಟಿತು, ಇನ್ನು ಮುಂದಿನ ತಿಂಗಳಿನಿಂದ ನೋಡೋಣ' ಎಂಬ ಮರುದಿನದ ಆಲೋಚನೆಯೇ ಅಪಾಯ.

ಅಭ್ಯಾಸ ಮುರಿಯುವುದು ಸೋಮಾರಿತನದಿಂದ ಮಾತ್ರವೂ ಅಲ್ಲ. ನಗರಗಳ ಋತುಮಾನವೂ ಅದಕ್ಕೆ ಕಾರಣ. ಮುಂಬಯಿಯಲ್ಲಿ ಜೂನ್ ಬಂತೆಂದರೆ ಮೂರು ನಾಲ್ಕು ತಿಂಗಳು ಮಳೆ. ಬೆಳಗಿನ ನಡಿಗೆ ನಿಂತದ್ದು ಗಣೇಶ ಚತುರ್ಥಿಯ ಕಡುಬು ಮುಗಿದರೂ ಮತ್ತೆ ಆರಂಭವಾಗುವುದಿಲ್ಲ. ಚೆನ್ನೈಯಲ್ಲಿ ಮೇ ತಿಂಗಳ ಬಿಸಿಲು ಏಳು ಗಂಟೆಗೇ ಮೈಸುಡುತ್ತದೆ. ದೆಹಲಿಯಲ್ಲಿ ನವೆಂಬರಿನಿಂದ ಹೊಗೆಮಂಜು; ಆ ಗಾಳಿಯಲ್ಲಿ ಬಿರುಸಾಗಿ ನಡೆಯುವುದು ಶ್ವಾಸಕೋಶಕ್ಕೆ ಹಿತವಲ್ಲ. ಆದುದರಿಂದ ನಡಿಗೆಗೆ ಬದಲಾಗಿ ಮನೆಯೊಳಗೆ ಮಾಡಬಹುದಾದ ವ್ಯಾಯಾಮವೊಂದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು: ಕಟ್ಟಡದ ಮೆಟ್ಟಿಲುಗಳು, ಸೂರ್ಯನಮಸ್ಕಾರ, ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವ ಸರಳ ಅಭ್ಯಾಸ. ಜೊತೆಗಾರನೊಬ್ಬನಿದ್ದರೆ ಇನ್ನೂ ಒಳ್ಳೆಯದು. ಕೆಳಗೆ ಬಾಗಿಲಲ್ಲಿ ಒಬ್ಬ ಕಾಯುತ್ತಿದ್ದಾನೆಂಬ ಸಂಕೋಚವು ಹಾಸಿಗೆಯಿಂದ ಎಬ್ಬಿಸುವಷ್ಟು ಬೇರಾವುದೂ ಎಬ್ಬಿಸದು. ಸಾಹಿತ್ಯ, ನಾಟಕಗಳಿಗೆ ಸೇರುವ ಕನ್ನಡ ಸಂಘಗಳ ಸದಸ್ಯರು ಭಾನುವಾರ ಒಂದು ತಾಸು ನಡೆಯುವುದಕ್ಕೂ ಸೇರಬಹುದಷ್ಟೆ.

ಅಡುಗೆಮನೆಯ ವಿಷಯ ಇದಕ್ಕಿಂತಲೂ ಮುಖ್ಯ. 2025ರ ಫೆಬ್ರವರಿ ತಿಂಗಳ 'ಮನದ ಮಾತು' ಕಾರ್ಯಕ್ರಮದಲ್ಲಿ ಪ್ರಧಾನಮಂತ್ರಿಗಳು ಅಡುಗೆ ಎಣ್ಣೆಯ ಬಳಕೆಯನ್ನು ಶೇಕಡಾ 10ರಷ್ಟು ತಗ್ಗಿಸುವಂತೆ ಕರೆಕೊಟ್ಟರು. ತಿಂಗಳಿಗೆ ಐದು ಲೀಟರು ಎಣ್ಣೆ ತರುವ ನಾಲ್ವರ ಕುಟುಂಬದಲ್ಲಿ ಇದು ಅರ್ಧ ಲೀಟರು. ಲೆಕ್ಕ ಹಾಕಿದರೆ ತಲೆಗೆ ದಿನಕ್ಕೆ ಸುಮಾರು 35 ಕ್ಯಾಲೊರಿ. ಇಷ್ಟರಿಂದಲೇ ಬೊಜ್ಜು ಕರಗದೆಂಬುದು ನಿಜ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ ತೋರಿಸಿರುವ ಮಾದರಿ ಆಹಾರದಲ್ಲಿ ಎಣ್ಣೆ, ತುಪ್ಪಗಳೆಲ್ಲ ಸೇರಿ ದಿನಕ್ಕೆ 27 ಗ್ರಾಂ. ನಾಲ್ವರಿಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರು. ಆದರೆ ಈ ಉಪಾಯದ ಗುಣ ಬೇರೆಡೆಯಿದೆ. ಒಗ್ಗರಣೆ ಹಾಕುವಾಗಲೆಲ್ಲ ಮನಸ್ಸನ್ನು ಬಿಗಿಹಿಡಿಯಬೇಕಾಗಿಲ್ಲ. ತಿಂಗಳಿಗೊಮ್ಮೆ ಅಂಗಡಿಯಲ್ಲಿ ನಿಶ್ಚಯಿಸಿದರೆ ಸಾಕು, ಡಬ್ಬಿಯೇ ಉಳಿದ ದಿನಗಳ ಲೆಕ್ಕ ನೋಡಿಕೊಳ್ಳುತ್ತದೆ. ಮನೆಯಲ್ಲಿ ಚಕ್ಕುಲಿ, ಖಾರಾ ಬೂಂದಿಗಳ ಡಬ್ಬ ಕಣ್ಣೆದುರಿಗಿದ್ದು, ರಾತ್ರಿ ಹತ್ತು ಗಂಟೆಗೆ ಅದರೊಡನೆ ನಿತ್ಯ ಸೆಣಸುವವನಿಗೆ ಮನೋಬಲ ಎಷ್ಟಿದ್ದರೂ ಸಾಲದು.

ಗೃಹಿಣಿಯ ಪಾಡು ಎಲ್ಲರಿಗಿಂತ ಕಠಿಣ. ಪತಿಗೆ ಪಥ್ಯ, ಮಕ್ಕಳಿಗೆ ಕರಿದ ತಿಂಡಿ, ಅತ್ತೆಗೆ ಮೆತ್ತಗಿನ ಅನ್ನ. ಕೊನೆಗೆ ಪಾತ್ರೆಯಲ್ಲಿ ಉಳಿದದ್ದನ್ನು ಚೆಲ್ಲಲಾರದೆ ಉಣ್ಣುವವಳು ಅವಳೇ. ಅವಳ ನಡಿಗೆಯ ಮುಕ್ಕಾಲು ಗಂಟೆಯನ್ನು ಮನೆಯವರು ಒಪ್ಪಿಕೊಂಡು ಆ ವೇಳೆಗೆ ಗ್ಯಾಸಿನ ಒಲೆಯ ಮುಂದೆ ತಾವು ನಿಲ್ಲದಿದ್ದರೆ, ಅವಳಿಗೆ ಉತ್ಸಾಹದ ಬಗ್ಗೆ ಉಪದೇಶಿಸುವ ಅಧಿಕಾರ ಯಾರಿಗೂ ಇಲ್ಲ. ಬಂಧುಗಳೂ ಸ್ವಲ್ಪ ಎಚ್ಚರ ವಹಿಸುವುದು ಒಳ್ಳೆಯದು. 'ಏಕಮ್ಮಾ, ಇಷ್ಟು ಇಳಿದುಹೋಗಿದ್ದೀಯೆ, ಹುಷಾರಿಲ್ಲವೇ?' ಎಂಬ ಅಕ್ಕರೆಯ ಒಂದು ಪ್ರಶ್ನೆ ಆರು ತಿಂಗಳ ಶ್ರಮವನ್ನು ಅಳುಕಿಸಬಲ್ಲದು.

ಅವಸರದ ದಾರಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಸಿವನ್ನು ತಗ್ಗಿಸುವ ಹೊಸ ಚುಚ್ಚುಮದ್ದುಗಳು ಭಾರತಕ್ಕೂ ಬಂದಿವೆ. ಅವು ಪರಿಣಾಮಕಾರಿ, ಆದರೆ ವೈದ್ಯರ ನಿಗಾದಲ್ಲಿ ಮಾತ್ರ ಬಳಸತಕ್ಕವು. ನಿಲ್ಲಿಸಿದ ಮೇಲೆ ಇಳಿದ ತೂಕದಲ್ಲಿ ಹೆಚ್ಚಿನ ಪಾಲು ವರ್ಷದೊಳಗೆ ಮರಳುತ್ತದೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಮಧುಮೇಹಕ್ಕೆ ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ಊಟವನ್ನು ಕಡಿತಗೊಳಿಸಬಾರದು. ರಕ್ತದ ಸಕ್ಕರೆ ಹಠಾತ್ತನೆ ಕುಸಿದು ಪ್ರಜ್ಞೆ ತಪ್ಪುವ ಸಂಭವವಿದೆ. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರೂ ಅಷ್ಟೇ.

ಇಳಿದ ತೂಕ ಮತ್ತೆ ಏರುವುದು ಬಹುಮಂದಿಯ ಅನುಭವ. ಇದಕ್ಕೆ ಒಂದು ಗೆರೆಯನ್ನು ಮೊದಲೇ ಎಳೆದಿಟ್ಟುಕೊಳ್ಳುವುದು ಲೇಸು. 78ಕ್ಕೆ ನಿಂತ ಗೃಹಸ್ಥನು 80 ಎಂಬ ಅಂಕಿಯನ್ನು ಗೋಡೆಯ ಪಂಚಾಂಗದ ಮೇಲೆ ಬರೆದಿಡಬಹುದು. ದೀಪಾವಳಿಯ ನಂತರ ಮುಳ್ಳು ಅಲ್ಲಿಗೆ ಮುಟ್ಟಿದರೆ, ಹೊಸ ಸಂಕಲ್ಪದ ಆಡಂಬರವಿಲ್ಲದೆ, ಮೊದಲ ತಿಂಗಳ ಊಟಕ್ಕೆ ಹಿಂದಿರುಗುವುದು. ಎರಡು ಕಿಲೋವನ್ನು ಇಳಿಸುವುದು ಎಂಟು ಕಿಲೋವನ್ನು ಇಳಿಸುವುದಕ್ಕಿಂತ ಸುಲಭವೆಂಬುದಕ್ಕೆ ಸಂಶೋಧನೆಯ ಆಧಾರ ಬೇಕಿಲ್ಲ.

ಮೂವತ್ತು ವರ್ಷ ಮೀರಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಧುಮೇಹ ಮತ್ತು ರಕ್ತದೊತ್ತಡದ ತಪಾಸಣೆ ಉಚಿತವಾಗಿ ದೊರೆಯುತ್ತದೆ. ಹೊಟ್ಟೆಯ ಸುತ್ತಳತೆಯನ್ನಂತೂ ಮನೆಯಲ್ಲೇ ದರ್ಜಿಯ ಟೇಪಿನಿಂದ ನೋಡಿಕೊಳ್ಳಬಹುದು: ನೆಟ್ಟಗೆ ನಿಂತು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಮೇಲೆ. ಪ್ರಯತ್ನವನ್ನು ತೊಡಗುವ ದಿನವೇ ಈ ಅಳತೆಯನ್ನು ತಾರೀಖಿನ ಸಮೇತ ಬರೆದಿಟ್ಟಿರಬೇಕು. ಐದನೆಯ ತಿಂಗಳಲ್ಲಿ ಬೇಕಾಗುವುದು ಅದೇ.