ತಾಯಿಯ ವುಝೂ ಮತ್ತು ಬದಿಗಿಟ್ಟ ಒಂದು ಅರ್ಜಿ

(ಶಾಬಾನ್ ತಿಂಗಳ ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಸಂದೇಶವಾಹಕರ ಮೇಲೆ, ಅವರ ಕುಟುಂಬದವರ ಹಾಗೂ ಸಂಗಾತಿಗಳ ಮೇಲೆ ಶಾಂತಿ ಇರಲಿ.

ಸಹೋದರರೇ, ರಮಝಾನ್‌ಗೆ ಇನ್ನು ಮೂರು ವಾರವೂ ಉಳಿದಿಲ್ಲ. ಝಕಾತ್‌ನ ಲೆಕ್ಕ ಹಾಕುವ ದಿನಗಳಿವು. ದ್ವಿತೀಯ ಪಿಯುಸಿ ಮಕ್ಕಳ ಪರೀಕ್ಷೆಯೂ ಹತ್ತಿರ ಬಂದಿದೆ. ಆದ್ದರಿಂದ ನನ್ನದೇ ಒಂದು ತಪ್ಪನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಎರಡು ವರ್ಷಗಳ ಹಿಂದೆ ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡಲು ಸಮಿತಿಯವರ ಜೊತೆ ನಾನೂ ಕುಳಿತಿದ್ದೆ. ಮೆಡಿಕಲ್, ಇಂಜಿನಿಯರಿಂಗ್, ನರ್ಸಿಂಗ್ ಅರ್ಜಿಗಳು ಸಲೀಸಾಗಿ ದಾಟಿದವು. ನಡುವೆ ಒಬ್ಬ ಹುಡುಗಿಯ ಅರ್ಜಿ ಬಂತು. ಕೋರ್ಸ್ ಎಂಬಲ್ಲಿ ‘ಆಕ್ಯುಪೇಶನಲ್ ಥೆರಪಿ’ ಎಂದಿತ್ತು. "ಇದು ಹೊಲಿಗೆ ಕ್ಲಾಸಿನ ಹಾಗೆ ಏನೋ ಉದ್ಯೋಗ ತರಬೇತಿ ಇರಬೇಕು" ಎಂದರು ಒಬ್ಬರು. ಇನ್ನೊಬ್ಬರು, "ಫಿಸಿಯೋಥೆರಪಿ ಸಿಗದವರು ಸೇರುವುದು" ಎಂದರು. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಕೇಳಿ ತಿಳಿಯಬಹುದಿತ್ತು. ಹಾಗೆ ಮಾಡದೆ ಆ ಅರ್ಜಿಯನ್ನು ನಾನೇ ಬದಿಗಿಟ್ಟೆ.

ಕಳೆದ ವರ್ಷ ನನ್ನ ತಾಯಿಗೆ ಪಾರ್ಶ್ವವಾಯು ಆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯವರು ಜೀವ ಉಳಿಸಿದರು, ಫಿಸಿಯೋಥೆರಪಿಯವರು ಕೋಲು ಹಿಡಿದು ನಡೆಯುವಷ್ಟು ಮಾಡಿದರು. ನಾವೆಲ್ಲ ಅಲ್‌ಹಮ್ದುಲಿಲ್ಲಾಹ್ ಎಂದೆವು. ಆದರೆ ತಾಯಿ ಮಾತು ಕಡಿಮೆ ಮಾಡಿದರು. ವುಝೂ ಮಾಡಿಸಲು ನನ್ನ ಪತ್ನಿ ಕೆಲಸ ಮುಗಿಸಿ ಬರುವವರೆಗೆ ಕಾಯಬೇಕಿತ್ತು. ಅಸರ್‌ನ ಸಮಯ ಜಾರುವುದನ್ನು ಗಡಿಯಾರ ನೋಡುತ್ತಾ ಕುಳಿತಿರುತ್ತಿದ್ದರು. ಶೌಚಕ್ಕೆ ಕರೆಯಲು ನಾಚಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಮಗನಾಗಿ ನಾನು ಮಾಡಬಹುದಾದ ಸೇವೆಗೂ ಒಂದು ಮಿತಿ ಇದೆಯಲ್ಲವೇ? ತಾಯಿಯ ಹಯಾ ನನ್ನನ್ನು ಆ ಬಾಗಿಲಿನ ಹೊರಗೇ ನಿಲ್ಲಿಸುತ್ತಿತ್ತು.

ವೈದ್ಯರು ಒಬ್ಬ ಆಕ್ಯುಪೇಶನಲ್ ಥೆರಪಿಸ್ಟ್ ಸಹೋದರಿಯ ಹೆಸರು ಬರೆದುಕೊಟ್ಟರು. ಆಕೆ ವಾರಕ್ಕೆ ಎರಡು ಸಲ ದೂರದಿಂದ ಬಸ್ಸಿನಲ್ಲಿ ಬಂದರು. ಮೊದಲ ದಿನ ವ್ಯಾಯಾಮವೇನೂ ಇಲ್ಲ. "ಅಮ್ಮಾ, ಬೆಳಗ್ಗೆ ಎದ್ದು ಮಲಗುವವರೆಗೆ ನೀವೇ ಮಾಡಬೇಕು ಎಂದು ಆಸೆಯಿರುವ ಕೆಲಸ ಯಾವುದು?" ಎಂದು ಕೇಳಿದರು. ತಾಯಿ ಒಂದೇ ಮಾತು ಹೇಳಿದರು: "ವುಝೂ."

ಆಕೆ ಬಚ್ಚಲಿಗೆ ಹೋಗಿ ಅಳತೆ ತೆಗೆದರು. ತಿರುಗಿಸುವ ನಲ್ಲಿ ತೆಗೆಸಿ, ಮೊಣಕೈಯಿಂದಲೂ ತಳ್ಳಬಹುದಾದ ಉದ್ದ ಹಿಡಿಯ ನಲ್ಲಿ ಹಾಕಿಸಿದರು. ಎಡಬದಿಯ ಗೋಡೆಗೆ ಹಿಡಿಕೆ, ಜಾರದ ಕುರ್ಚಿ, ಪಾದ ತೊಳೆಯಲು ಉದ್ದ ಹಿಡಿಯ ಸ್ಪಂಜು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರು. ಕುಪ್ಪಸ ತೊಡುವಾಗ ಬಲವಿಲ್ಲದ ಕೈಯನ್ನು ಮೊದಲು ತೋಳಿಗೆ ಹಾಕಬೇಕು, ಕಳಚುವಾಗ ಅದನ್ನು ಕೊನೆಗೆ ತೆಗೆಯಬೇಕು ಎಂದು ಕಲಿಸಿದರು. ಎಷ್ಟು ಸಣ್ಣ ಮಾತು! ಅದು ಗೊತ್ತಿಲ್ಲದೆ ನಮ್ಮ ಮನೆಯಲ್ಲಿ ದಿನಾ ಬೆಳಗ್ಗೆ ಕಣ್ಣೀರಾಗುತ್ತಿತ್ತು. ಬಲಗೈಯನ್ನು ಸುಮ್ಮನೆ ಬಿಡಲಿಲ್ಲ, ಮಗ್ಗನ್ನು ಒತ್ತಿ ಹಿಡಿಯುವ ಕೆಲಸವನ್ನಾದರೂ ಅದಕ್ಕೆ ಕೊಟ್ಟರು. ಎರಡು ತಿಂಗಳ ನಂತರ ಒಂದು ಸಂಜೆ ನಾನು ಮನೆಗೆ ಬಂದಾಗ ತಾಯಿ ಮುಸಲ್ಲಾದ ಮುಂದೆ ಕುರ್ಚಿಯಲ್ಲಿ ಕುಳಿತು ಅಸರ್ ನಮಾಝ್ ಮಾಡುತ್ತಿದ್ದರು. ಪತ್ನಿ ಆಗಿನ್ನೂ ಪೇಟೆಯಿಂದ ಬಂದಿರಲಿಲ್ಲ. ಆ ಬಲಗೈ ಇಂದಿಗೂ ಪೂರ್ತಿ ಮೇಲೇಳುವುದಿಲ್ಲ. ಆದರೆ ತಾಯಿ ಯಾರಿಗೂ ಕಾಯುವುದಿಲ್ಲ.

ಸಹೋದರರೇ, ಆ ರಾತ್ರಿ ನನಗೆ ನೆನಪಾದದ್ದು ಬದಿಗಿಟ್ಟ ಆ ಅರ್ಜಿ.

ಈ ವಿದ್ಯೆಯ ಹೆಸರಿನಲ್ಲಿರುವ ‘ಆಕ್ಯುಪೇಶನ್’ ಎಂದರೆ ಸಂಬಳದ ಉದ್ಯೋಗ ಮಾತ್ರವಲ್ಲ. ಮನುಷ್ಯನ ದಿನವನ್ನು ತುಂಬುವ ಎಲ್ಲ ಕೆಲಸವೂ ಅದರಲ್ಲಿ ಸೇರಿದೆ: ಉಣ್ಣುವುದು, ಸ್ನಾನ, ಮಗುವಿಗೆ ಬರೆಯುವುದು, ಆಡುವುದು. ಪಾರ್ಶ್ವವಾಯು ಆದವರು, ಸೆರೆಬ್ರಲ್ ಪಾಲ್ಸಿ ಅಥವಾ ಆಟಿಸಂ ಇರುವ ಮಕ್ಕಳು, ಯಂತ್ರಕ್ಕೆ ಕೈ ಸಿಲುಕಿ ಗಾಯಗೊಂಡ ಕಾರ್ಮಿಕರು, ಮಾನಸಿಕ ಕಾಯಿಲೆಯಿಂದ ಚೇತರಿಸುತ್ತಿರುವವರು, ಇವರೆಲ್ಲರಿಗೂ ಇದು ಬೇಕು. ನಮ್ಮ ದೇಶಕ್ಕೆ ಇದು ಹೊಸತೂ ಅಲ್ಲ. 1950ರಲ್ಲೇ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಎಂಬ ಮಹಿಳೆ ಇದರ ಶಾಲೆ ಆರಂಭಿಸಿದ್ದರು. ಅಮೆರಿಕದಲ್ಲಿ ಹುಟ್ಟಿ, ಮದುವೆಯಾಗಿ ಭಾರತದವರೇ ಆದವರು. ಎಪ್ಪತ್ತು ವರ್ಷ ದಾಟಿದರೂ ನಮ್ಮ ಸಮಿತಿಗೆ ಅದರ ಹೆಸರು ಗೊತ್ತಿರಲಿಲ್ಲ!

ಹಝ್ರತ್ ಅಬ್ದುಲ್ಲಾಹ್ ಇಬ್ನು ಉಮ್ಮಿ ಮಕ್ತೂಮ್(ರ) ಅಂಧರಾಗಿದ್ದರು. ಪ್ರವಾದಿ(ಸ) ಅವರಿಗೆ ಕನಿಕರ ತೋರಿಸಿ ಒಂದು ಮೂಲೆಯಲ್ಲಿ ಕೂರಿಸಲಿಲ್ಲ. ಹಝ್ರತ್ ಬಿಲಾಲ್(ರ)ರ ಜೊತೆ ಅಝಾನ್‌ನ ಹೊಣೆ ಕೊಟ್ಟರು. ತಾವು ಮದೀನಾದಿಂದ ಹೊರಹೋದಾಗ ಊರಿನ ಜವಾಬ್ದಾರಿಯನ್ನೂ ವಹಿಸಿದ್ದುಂಟು. ರಮಝಾನ್‌ನಲ್ಲಿ ಮದೀನಾದ ಜನರು ಸಹರಿಯ ಅನ್ನ ನಿಲ್ಲಿಸುತ್ತಿದ್ದುದು ಆ ಅಂಧ ಸಹಾಬಿಯ ಧ್ವನಿ ಕೇಳಿಯೇ. ನಮ್ಮ ಊರಿನಲ್ಲಿ ಅಂಥವರು ಮನೆಯ ಹಿಂದಿನ ಕೋಣೆಯಲ್ಲಿರುತ್ತಾರೆ.

ಈಗ ವಿದ್ಯಾರ್ಥಿವೇತನದ ವಿಷಯ. ಈ ಪದವಿಗೆ ನಾಲ್ಕು ವರ್ಷದ ಓದು, ಅದರ ಮೇಲೆ ಇಂಟರ್ನ್‌ಶಿಪ್. ನಾವು ಮಾಡುವುದೇನು? ಮೊದಲ ವರ್ಷ ವೇದಿಕೆಗೆ ಕರೆದು, ಚೆಕ್ ಕೊಟ್ಟು, ಫೋಟೋ ತೆಗೆದು ಮರೆಯುತ್ತೇವೆ. ಮೂರನೇ ವರ್ಷದಲ್ಲಿ ಮಗು ಏನು ಮಾಡಬೇಕು? ಆಸ್ಪತ್ರೆ, ವಿಶೇಷ ಶಾಲೆಗಳಿಗೆ ಪೋಸ್ಟಿಂಗ್ ಶುರುವಾದಾಗ ಬಸ್ಸು, ಹಾಸ್ಟೆಲ್, ಊಟ, ಪುಸ್ತಕ ಎಂದು ಖರ್ಚು ಏರುತ್ತದೆ. ಹತ್ತು ಮಕ್ಕಳಿಗೆ ಒಂದೊಂದು ವರ್ಷ ಕೊಡುವುದಕ್ಕಿಂತ ಇಬ್ಬರನ್ನು ಕೊನೆಯವರೆಗೆ ದಡ ಸೇರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಸಮಿತಿಯಲ್ಲಿ ಇದಕ್ಕೆ ವಿರೋಧವಿದೆ, ಇರಲಿ, ಚರ್ಚೆಯಾಗಲಿ.

ಝಕಾತ್ ಕೊಡಬಹುದೇ ಎಂದು ಕೇಳುತ್ತೀರಿ. ವಿದ್ಯಾರ್ಥಿ ಬಡವನೋ ಬಡವಳೋ ಆಗಿದ್ದರೆ ಬಡವರ ಪಾಲಿನಿಂದಲೇ ಕೊಡಬಹುದು, ಹಣ ಆ ವಿದ್ಯಾರ್ಥಿಯ ಒಡೆತನಕ್ಕೆ ಹೋಗಬೇಕು. ಕುಟುಂಬ ಝಕಾತ್‌ಗೆ ಅರ್ಹವಲ್ಲ, ಆದರೆ ಫೀಸಿಗೆ ಕೈ ಸೋತಿದೆ ಎಂದಾದರೆ ಸದಕಾದಿಂದ ಕೊಡಿ ಅಥವಾ ಬಡ್ಡಿಯಿಲ್ಲದ ಸಾಲ ಕೊಡಿ. ಬಡ್ಡಿಗೆ ಹೆದರಿ ಓದನ್ನೇ ಬಿಟ್ಟ ಮಕ್ಕಳು ನಮ್ಮಲ್ಲಿದ್ದಾರೆ. ಬಡ್ಡಿ ಹರಾಮ್ ಎಂದು ಮಿಂಬರ್‌ನಿಂದ ಹೇಳುವ ನಾವು ಬೇರೊಂದು ದಾರಿ ತೋರಿಸದಿದ್ದರೆ ಆ ಮಕ್ಕಳು ಎಲ್ಲಿಗೆ ಹೋಗಬೇಕು? ನಿಮ್ಮಲ್ಲಿ ಒಂದು ಅಂಗಡಿಕೋಣೆಯ ಬಾಡಿಗೆಯನ್ನು ಇದಕ್ಕೆಂದೇ ವಕ್ಫ್ ಮಾಡಬಲ್ಲವರಿದ್ದೀರಿ. ಹಝ್ರತ್ ಉಮರ್(ರ) ಖೈಬರ್‌ನ ತಮ್ಮ ಜಮೀನಿನಲ್ಲಿ ಮಾಡಿದ್ದು ಅದನ್ನೇ: ಭೂಮಿ ಹಾಗೇ ಉಳಿಯಿತು, ಫಲ ಹಂಚಿಹೋಯಿತು.

ಹೆತ್ತವರಿಗೂ ಎರಡು ಮಾತು. ಸರಕಾರದ ಬಾಗಿಲನ್ನೂ ತಟ್ಟಿ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆ ಇದೆ. ನಿಮ್ಮ ಮಗುವಿನ ಕೋರ್ಸಿಗೆ ಆ ವರ್ಷದ ನಿಯಮದಲ್ಲಿ ಅವಕಾಶವಿದೆಯೇ ಎಂದು ಜಿಲ್ಲಾ ಕಚೇರಿಯಲ್ಲಿ ಕೇಳಿ. ಜಾತಿ-ಆದಾಯ ಪ್ರಮಾಣಪತ್ರವನ್ನು ಈಗಲೇ ನಾಡಕಚೇರಿಯಿಂದ ಮಾಡಿಸಿ, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆಯೇ ನೋಡಿ. ಸರಕಾರದ ಹಣ ಹಲವು ಬಾರಿ ಫೀಸಿನ ಕೊನೆಯ ದಿನ ದಾಟಿದ ಮೇಲೆ ಬರುತ್ತದೆ, ಆ ನಡುವಿನ ತಿಂಗಳುಗಳಿಗೇ ಜಮಾಅತ್‌ನ ಹಣ ಬೇಕಾಗುವುದು. ಮಣಿಪಾಲದಲ್ಲಿ ಈ ಕೋರ್ಸ್ ಇದೆ. ದೂರ ಕಳುಹಿಸಲು ಧೈರ್ಯವಿದ್ದರೆ ಕಟಕ್, ಚೆನ್ನೈ, ಕೋಲ್ಕತಾಗಳಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಸಂಸ್ಥೆಗಳಲ್ಲೂ ಇದೆ. ಪ್ರವೇಶ ಪರೀಕ್ಷೆಯ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಸೇರುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸಿ. 2021ರ ಕಾನೂನಿನ ಪ್ರಕಾರ ಈ ವೃತ್ತಿ ರಾಷ್ಟ್ರೀಯ ಆಯೋಗದ ಅಧೀನದಲ್ಲಿದೆ.

ಹೆಣ್ಣುಮಕ್ಕಳ ತಂದೆಯಂದಿರೇ, ಸ್ನಾನ, ಉಡುಪು, ಶೌಚ ಕಲಿಸುವ ಈ ಕೆಲಸಕ್ಕೆ ನಮ್ಮ ತಾಯಂದಿರ ಬಳಿ ಯಾರು ಬರಬೇಕೆಂದು ನೀವು ಬಯಸುತ್ತೀರಿ? ಹೆಣ್ಣು ಥೆರಪಿಸ್ಟ್ ಬೇಕು ಎನ್ನುವವರು ಯಾರದೋ ಮಗಳನ್ನು ಓದಿಸಲೇಬೇಕಾಗುತ್ತದೆ.

ಆ ಹುಡುಗಿ ಓದು ಬಿಡಲಿಲ್ಲ. ಅವಳ ತಾಯಿ ಬಳೆ ಅಡವಿಟ್ಟು ಸೇರಿಸಿದರು. ಈಗ ಎರಡನೇ ವರ್ಷ ಮುಗಿಯುತ್ತಿದೆ. ಕಳೆದ ವಾರ ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆ ತಾಯಿ ಚಹಾ ಕೊಟ್ಟು, "ಉಸ್ತಾದರೇ, ಮೂರನೇ ವರ್ಷದ ಫೀಸಿಗೆ ಅರ್ಜಿ ಮತ್ತೆ ಹಾಕಬಹುದಾ?" ಎಂದಷ್ಟೇ ಕೇಳಿದರು. ಆ ಅರ್ಜಿ ಈಗ ನನ್ನ ಕೈಯಲ್ಲಿದೆ. ನಮಾಝ್ ಮುಗಿದ ಮೇಲೆ ಸಮಿತಿಯವರು ಕಚೇರಿಯಲ್ಲಿ ಇರುತ್ತಾರೆ, ನಾನೂ ಇರುತ್ತೇನೆ.